ಒಳಗೆ ಬಿಟ್ಟ ಬಟ್ಟೆ

ಯಾರಾದರೂ ಸ್ವಲ್ಪ ಸಣ್ಣಗಾದರೆ ಸಾಕು, ನಮ್ಮ ಜನಕ್ಕೆ ಅದೇನು ಸಂಭ್ರಮವೋ! ದಾರಿಯಲ್ಲಿ ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿ, “ಅಬ್ಬಾ, ಏನು ಮಾಡಿದೆ? ನಮಗೂ ಹೇಳು” ಅನ್ನುತ್ತಾರೆ. ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ನಾನೂ ಹಾಗೇ ಇದ್ದೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಗೋಡೆಗೆ ಒತ್ತಿಕೊಂಡು ಇಸ್ತ್ರಿ ಮೇಜು, ನನ್ನ ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಬಾಯಿ ಸ್ವಲ್ಪ ಜೋರು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಮನೆಗಳಿಗೆ ಬಣ್ಣ ಬಳಿಯುವವನು. ಚಿಕ್ಕಂದಿನಿಂದ ಮೈಕೈ ತುಂಬಿಕೊಂಡಿದ್ದವನು, ಹಾಗಾಗಿ ಎಲ್ಲರ ಬಾಯಲ್ಲೂ ಗುಂಡ. ಅವನಿಗೆ ಅದರಿಂದ ಬೇಜಾರಿಲ್ಲ ಅಂದುಕೊಂಡಿದ್ದೆವು. ಅವನೂ ನಗುತ್ತಿದ್ದನಲ್ಲ!

ಒಂದು ದಿನ ಕೆಲಸದ ಮನೆಯಲ್ಲಿ ಅವನು ಹತ್ತಿದ್ದ ಏಣಿಯ ಮೆಟ್ಟಿಲು ಮುರಿಯಿತು. ಹಳೇ ಏಣಿ, ಗೆದ್ದಲು ಹಿಡಿದಿತ್ತು. ಕೆಳಗೆ ನಿಂತಿದ್ದ ಮನೆಯ ಯಜಮಾನ, “ನೋಡು, ಏಣಿ ರಾಜೀನಾಮೆ ಕೊಡ್ತು” ಎಂದು ನಕ್ಕನಂತೆ. ಸಂಜೆ ತಮ್ಮ ಅದನ್ನು ಹೇಳಿದಾಗ ನಾನಾದರೂ ಸುಮ್ಮನಿರಬೇಕಿತ್ತು. “ಏಣಿ ನನ್ನನ್ನ ಕೇಳಬೇಕಿತ್ತು ಕಣೋ. ನಿನ್ನ ಒಂದು ಪ್ಯಾಂಟಿಗೆ ಎರಡು ಪ್ಯಾಂಟಿನ ಬಟ್ಟೆ ಬೇಕು ಅಂತ ಹೇಳ್ತಿದ್ದೆ” ಎಂದುಬಿಟ್ಟೆ. ಅಮ್ಮ ನಕ್ಕಳು, ನಾನು ನಕ್ಕೆ, ಅವನೂ ನಕ್ಕ. ಆಮೇಲೆ ತಟ್ಟೆಯಲ್ಲಿದ್ದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ನಾನು ಅದನ್ನು ನೋಡಿದೆ, ಏನೂ ಅನ್ನಿಸಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಪ್ಯಾಂಟು ಹೊಲಿಯುವಾಗ ಸೊಂಟದ ಹಿಂಭಾಗದಲ್ಲಿ ಒಂದಿಷ್ಟು ಹೆಚ್ಚಿನ ಬಟ್ಟೆಯನ್ನು ಒಳಗೇ ಬಿಟ್ಟಿರುತ್ತೇವೆ. ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಮೈ ಇಳಿದರೆ ಇನ್ನಷ್ಟು ಒಳಗೆ ಹಿಡಿಯಬಹುದು. ಆ ಒಳಗೆ ಬಿಟ್ಟ ಬಟ್ಟೆಗೆ ಒಳ್ಳೆಯ ಟೈಲರ್ ಕತ್ತರಿ ಹಾಕುವುದಿಲ್ಲ.

ತಮ್ಮ ಮೊದಲ ಸಲ ಪ್ಯಾಂಟು ಸಡಿಲವಾಯಿತು ಎಂದು ತಂದಾಗ ನನಗೆ ಹಿಗ್ಗೋ ಹಿಗ್ಗು. ಎರಡು ಬೆರಳಷ್ಟು ಒಳಗೆ ಹಿಡಿದು ಕೊಟ್ಟೆ. ಎರಡು ತಿಂಗಳಿಗೆ ಮತ್ತೆ ತಂದ, ಮತ್ತೆ ಹಿಡಿದೆ. ಎಂಟು ತಿಂಗಳಲ್ಲಿ ನಾಲ್ಕು ಸಲ. “ಶಭಾಷ್ ಗುಂಡ, ಇನ್ಮೇಲೆ ನಿನಗೆ ಬೇರೆ ಹೆಸರು ಹುಡುಕಬೇಕು” ಎಂದೆ. ಅಂಗಡಿಗೆ ಬಂದವರಿಗೆಲ್ಲ ಅವನನ್ನು ತೋರಿಸಿ ಮೆರೆದೆ.

ಮಟಮಟ ಮಧ್ಯಾಹ್ನದಲ್ಲೂ ಅವನು ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದ. ಮನೆಗೆ ಬಂದರೆ “ಕೆಲಸದ ಜಾಗದಲ್ಲೇ ತಿಂದೆ” ಎನ್ನುವುದು, ಕೆಲಸದ ಜಾಗದಲ್ಲಿ “ಮನೇಲೇ ಆಯ್ತು” ಎನ್ನುವುದು. ಗೆಳೆಯರು ಊಟಕ್ಕೆ ಕರೆದರೆ ಏನಾದರೊಂದು ನೆಪ. ಒಂದು ದಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಇಡೀ ಬ್ರೆಡ್ಡು ಮುಗಿಸಿದ. “ಸದ್ಯ, ಮಗ ಹೊಟ್ಟೆ ತುಂಬ ತಿಂದ” ಎಂದು ಅಮ್ಮನಿಗೆ ಸಮಾಧಾನ. ಆಮೇಲೆ ಎರಡು ದಿನ ನೀರು ಬಿಟ್ಟು ಅವನು ಏನನ್ನೂ ಮುಟ್ಟಲಿಲ್ಲ. ಯಾಕೋ ಎಂದು ಕೇಳಿದರೆ ಸಿಡುಕಿದ. ದುಡಿದು ದಣಿದಿದ್ದಾನೆ, ಇರಲಿ ಬಿಡು ಎಂದುಕೊಂಡೆ.

ಒಂದು ಬೆಳಿಗ್ಗೆ ಏಣಿಯ ಮೇಲೆ ಅವನಿಗೆ ಕಣ್ಣು ಕತ್ತಲೆ ಕಟ್ಟಿತು. ಬಣ್ಣದ ಡಬ್ಬಿ ಕೈಜಾರಿ ಅಂಗಳದ ತುಂಬ ಚೆಲ್ಲಿತು. ಅವನು ಏಣಿಯನ್ನು ತಬ್ಬಿಕೊಂಡು ಹಾಗೇ ನಿಂತುಬಿಟ್ಟನಂತೆ, ಮೇಲೂ ಇಲ್ಲ ಕೆಳಗೂ ಇಲ್ಲ. ಜೊತೆಯ ಕೆಲಸಗಾರ ಹತ್ತಿ, ಸೊಂಟ ಹಿಡಿದು ಇಳಿಸಿದ. ಎರಡು ಮಾಳಿಗೆ ಎತ್ತರ! ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಗೋಡೆಯ ಮೇಲಿನ ಎತ್ತರ-ತೂಕದ ಪಟ್ಟಿ ನೋಡಿದರು. “ಎತ್ತರಕ್ಕೆ ಸರಿಯಾದ ತೂಕ ಇದೆ. ಬಿಸಿಲಿಗೆ ಹೀಗಾಗಿರುತ್ತೆ, ಚೆನ್ನಾಗಿ ನೀರು ಕುಡೀರಿ” ಎಂದರು. ಅಮ್ಮನ ಮುಖ ಅರಳಿತು. ತಮ್ಮನ ಮುಖ ಮಾತ್ರ ಬಾಡಿತು. ತೂಕ ಇನ್ನೂ ‘ಸರಿಯಾಗೇ’ ಇದೆಯಲ್ಲ ಎನ್ನುವುದು ಅವನ ಸಂಕಟ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಮರುದಿನವೇ ಐದನೆಯ ಸಲ ಪ್ಯಾಂಟು ಬಂತು. ಆಗ ಅಂಗಡಿಯಲ್ಲಿ ನರ್ಸಮ್ಮ ಕೂತಿದ್ದರು. ಆರೋಗ್ಯ ಕೇಂದ್ರದಲ್ಲಿ ಕೆಲಸ, ನನ್ನ ಹಳೇ ಗಿರಾಕಿ. ಬಿಳಿ ಕೋಟಿನ ಗುಂಡಿ ಹಾಕಿಸಲು ಬಂದಿದ್ದರು.

“ಅಕ್ಕ, ಈ ಸಲ ಒಳಗಿನ ಬಟ್ಟೆ ಕತ್ತರಿಸಿಬಿಡು” ಎಂದ ತಮ್ಮ.

“ಯಾಕೋ? ಅದು ಅಲ್ಲಿದ್ರೆ ನಿನಗೇನು ಭಾರಾನಾ?”

“ಇರಬಾರದು. ಮತ್ತೆ ಬಿಡಿಸೋಕೆ ಆಗಲೇಬಾರದು.” ಅಷ್ಟು ಹೇಳಿ ಕೈ ತೊಳೆಯಲು ಒಳಗೆ ಹೋದ.

ನಾನು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿ, ಕತ್ತರಿ ತೆಗೆದುಕೊಂಡೆ. ನರ್ಸಮ್ಮ ಅಂಗೈಯನ್ನು ಬಟ್ಟೆಯ ಮೇಲಿಟ್ಟರು.

“ತಾಳಿ ಟೈಲರಮ್ಮ. ಇದೇನು, ಒಂದೇ ಪ್ಯಾಂಟಿನಲ್ಲಿ ಇಷ್ಟೊಂದು ಗೆರೆ?”

ಬಿಚ್ಚಿದ ಹೊಲಿಗೆಗಳ ಸೂಜಿತೂತು ಅವು. ಒಂದರ ಪಕ್ಕ ಒಂದು, ಸಾಲುಸಾಲಾಗಿ ಒಳಗೊಳಗೆ ಹೋಗಿದ್ದವು. “ನನ್ನದೇ ಕೈಕೆಲಸ. ನಾಲ್ಕು ಸಲ ಹಿಡಿದಿದೀನಿ” ಎಂದು ಜಂಬದಿಂದಲೇ ಹೇಳಿದೆ.

“ಎಷ್ಟು ತಿಂಗಳಲ್ಲಿ?”

“ಎಂಟು.”

“ಎಂಟೇ ತಿಂಗಳಲ್ಲಿ ಇಷ್ಟಾ? ಊಟ ಹೇಗೆ ಮಾಡ್ತಾನೆ?”

ನಾನು ಒಂದೊಂದೇ ಹೇಳುತ್ತಾ ಹೋದೆ. ಸ್ವೆಟರು, ನೆಪಗಳು, ಇಡೀ ಬ್ರೆಡ್ಡು, ಎರಡು ದಿನದ ಉಪವಾಸ, ಏಣಿ. ಹೇಳುತ್ತಾ ಹೇಳುತ್ತಾ ನನ್ನ ದನಿಯೇ ಸಣ್ಣಗಾಯಿತು. ಬಿಡಿಬಿಡಿಯಾಗಿ ಕಂಡಾಗ ಏನೂ ಅನ್ನಿಸದಿದ್ದದ್ದು ಒಟ್ಟಿಗೆ ಹೇಳಿದಾಗ ಬೇರೆಯೇ ಆಗಿ ಕಂಡಿತು.

“ಇದು ಊಟದ ಕಾಯಿಲೆ ಇರಬಹುದು, ತಿನ್ನೋದೇ ಮನಸ್ಸಿಗೆ ಹೆದರಿಕೆ ಆಗಿಬಿಡೋದು” ಎಂದರು ನರ್ಸಮ್ಮ.

“ಅಯ್ಯೋ ಬಿಡಿ ನರ್ಸಮ್ಮ! ಅದೆಲ್ಲ ಮೂಳೆ ಕಾಣೋ ಹಾಗಿರೋ ಹುಡುಗೀರಿಗೆ ಬರೋದು. ಇವನು ಗಂಡಸು. ನಿನ್ನೆ ತಾನೇ ಡಾಕ್ಟರು ತೂಕ ಸರಿಯಾಗಿದೆ ಅಂದ್ರು. ವಾಂತಿ ಮಾಡ್ಕೊಳ್ಳಲ್ಲ. ದಿನಾ ಬಕಾಸುರನ ಹಾಗೆ ತಿನ್ನೋದೂ ಇಲ್ಲ. ನಾನು ಕೇಳಿರೋ ಯಾವ ಲಕ್ಷಣಕ್ಕೂ ಹೊಂದಲ್ಲವಲ್ಲ?”

ನರ್ಸಮ್ಮ ನಕ್ಕರು. “ಅಲ್ರೀ, ನಿಮ್ಮ ಅಂಗಡಿಗೆ ಯಾರು ಬರ್ತಾರೆ?”

“ರೆಡಿಮೇಡ್ ಸರಿಹೋಗದವರು ಬರ್ತಾರೆ. ಭುಜ ಒಂದು ಸೈಜು, ಸೊಂಟ ಇನ್ನೊಂದು ಸೈಜು ಇರೋರು.”

“ಯಾವ ಸೈಜಿಗೂ ಹೊಂದಲ್ಲ, ನಿಮಗೆ ಬಟ್ಟೇನೇ ಬೇಡ ಅಂತ ಬರಿಮೈಲಿ ಕಳಿಸ್ತೀರಾ?”

“ಥೂ, ಏನ್ರೀ ನೀವು!”

“ಕಾಯಿಲೆನೂ ಹಾಗೇ. ಪುಸ್ತಕದಲ್ಲಿರೋ ಹೆಸರಿಗೆ ಪೂರ್ತಿ ಹೊಂದದೆ ಇರೋರು ಬೇಕಾದಷ್ಟು ಜನ ಇದಾರೆ. ಅದರಲ್ಲಿ ಒಂದಿಷ್ಟು, ಇದರಲ್ಲಿ ಒಂದಿಷ್ಟು. ದಪ್ಪ ಇದ್ದವರು ಉಪವಾಸ ಬಿದ್ದು ಸಾಧಾರಣ ಮೈಗೆ ಬಂದು ನಿಂತಿರ್ತಾರೆ. ನೋಡಿದವರು ಚೆನ್ನಾಗಾದೆ ಅಂತಾರೆ. ಒಳಗೆ ಹೃದಯ ಸೋತಿರುತ್ತೆ. ಇವತ್ತಿನ ತೂಕ ಎಷ್ಟಿದೆ ಅಂತ ನೋಡಿದ್ರೆ ಸಾಲದು ಟೈಲರಮ್ಮ. ಎಲ್ಲಿಂದ ಇಳೀತು, ಎಷ್ಟು ಬೇಗ ಇಳೀತು, ಮನಸ್ಸಲ್ಲಿ ಏನು ನಡೀತಿದೆ, ಅದನ್ನೂ ಕೇಳಬೇಕು.”

ತಲೆ ಎತ್ತಿ ನೋಡಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಒದ್ದೆ ಕೈ ಒರೆಸಿಕೊಂಡಿರಲಿಲ್ಲ.

“ಅಕ್ಕ, ನಂಗೆ ನಿಲ್ಲಿಸೋಕೆ ಬರ್ತಿಲ್ಲ” ಎಂದ. “ಹಸಿದುಕೊಂಡಿದ್ರೆ ಗೆದ್ದ ಹಾಗಿರುತ್ತೆ. ಒಂದು ತುತ್ತು ತಿಂದ್ರೂ ಎಲ್ಲ ಹಾಳಾಯ್ತು ಅನ್ಸುತ್ತೆ. ಬೆಳಗಾದ್ರೆ ಅದೇ ಯೋಚನೆ. ಹೇಳಿದ್ರೆ ಯಾರು ನಂಬ್ತಾರೆ? ನೀನೇ ಶಭಾಷ್ ಅಂದೆ.”

ಎದ್ದು ಹೋಗಿ ಅವನ ಒದ್ದೆ ಕೈ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. “ತಪ್ಪಾಯ್ತು ಕಣೋ. ಆ ಏಣಿ ಮಾತೂ ತಪ್ಪು, ಆ ಶಭಾಷೂ ತಪ್ಪು” ಎಂದು ಅತ್ತುಬಿಟ್ಟೆ. ನರ್ಸಮ್ಮ ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ಎಣಿಸಿ ಮುಗಿಸಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

“ನಾಳೆ ಅನ್ನೋದು ಬೇಡ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ನಾನೂ ಬರ್ತೀನಿ” ಎಂದರು.

ಅಮ್ಮ ದಾರಿಯುದ್ದಕ್ಕೂ ಗೊಣಗಿದಳು. “ತೂಕ ಸರಿ ಇದೆ ಅಂದಿದಾರೆ. ಹೊಟ್ಟೆ ತುಂಬ ಬಡಿಸಿದ್ರೆ ಸರಿಹೋಗುತ್ತೆ. ಇದಕ್ಕೆಲ್ಲ ಆಸ್ಪತ್ರೆ ಬೇಕಾ?” ನಾನು ಪ್ಯಾಂಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಆಸ್ಪತ್ರೆಯ ಡಾಕ್ಟರಮ್ಮನ ಮೇಜಿನ ಮೇಲೆ ಅದನ್ನು ಹರಡಿದೆ. ಅವರು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿ, ಯಾವುದು ಯಾವಾಗ ಎಂದು ಕೇಳಿ ಬರೆದುಕೊಂಡರು. ತಮ್ಮನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಹೃದಯದ ಬಡಿತದ ಪರೀಕ್ಷೆ ಆಯಿತು, ರಕ್ತ ಪರೀಕ್ಷೆ ಆಯಿತು.

“ಇವರದು ಪಟ್ಟಿಯಲ್ಲಿರೋ ಯಾವ ಕಾಯಿಲೆ ಹೆಸರಿಗೂ ಪೂರ್ತಿ ಹೊಂದಲ್ಲ, ಆದ್ರೆ ಕಾಯಿಲೆ ಪೂರ್ತಿ ಇದೆ” ಎಂದರು ಡಾಕ್ಟರಮ್ಮ. “ಹೃದಯ ತುಂಬ ನಿಧಾನ ಆಗಿದೆ. ಕೆಲವು ದಿನ ಇಲ್ಲೇ ಇರಲಿ. ಮನೇಲಿ ಒಂದೇ ಸಲ ತಿನ್ನಿಸೋಕೆ ಹೋಗಬೇಡಿ ಅಮ್ಮ, ಅದೂ ಅಪಾಯ. ನಾವು ನೋಡಿಕೊಂಡು ನಿಧಾನವಾಗಿ ಹೆಚ್ಚಿಸ್ತೀವಿ.”

ಅಮ್ಮ ಡಾಕ್ಟರಮ್ಮನ ಕಡೆ ತಿರುಗಿದಳು. “ನಾನು ದಿನಾ ತಟ್ಟೆ ಇಡ್ತಿದ್ದೆ. ನನ್ನ ಕಣ್ಣೆದುರೇ ನನ್ನ ಮಗ ಹಸ್ಕೊಂಡಿದ್ದನಲ್ಲ” ಎಂದಳು. ಆಮೇಲೆ ಗೊಣಗಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಮ್ಮ ವಾರವಾರ ಆಪ್ತ ಸಲಹೆಗಾರರ ಹತ್ತಿರ ಹೋದ. ಅವನ ಮನಸ್ಸಿನಲ್ಲಿ ಕೂತಿದ್ದ ಊಟದ ಕಟ್ಟುಪಾಡುಗಳನ್ನು ಅವರು ಒಂದೊಂದಾಗಿ ಬಿಡಿಸಿದರು. ಏನು, ಯಾವ ಹೊತ್ತಿಗೆ ತಿನ್ನಬೇಕೆಂದು ಆಹಾರ ತಜ್ಞರು ಬರೆದುಕೊಟ್ಟರು. ನಮಗೂ ಪಾಠವಾಯಿತು. ಊಟದ ಹೊತ್ತಿಗೆ ಜೊತೆಗೆ ಕೂರಬೇಕು, ಯಾರ ಮೈಯ ಮಾತೂ ಎತ್ತಬಾರದು, ತಟ್ಟೆಯನ್ನು ದುರುಗುಟ್ಟಿ ನೋಡಬಾರದು. ಗುಂಡ ಎನ್ನುವ ಹೆಸರನ್ನೂ ಬಿಟ್ಟೆವು. ಅಮ್ಮನಿಗೆ ಅದೇ ಕಷ್ಟ. ದಿನಕ್ಕೆ ಹತ್ತು ಸಲ “ಗುಂ...” ಎಂದು ನಾಲಿಗೆ ಕಚ್ಚಿಕೊಂಡು “ಗುಂಡಿ! ಗುಂಡಿ ಹಾಕ್ಕೊಳೋ” ಎನ್ನುತ್ತಿದ್ದಳು. ಅವನು ಟೀ ಶರ್ಟು ಹಾಕಿಕೊಂಡಿದ್ದರೂ ಅದೇ ಮಾತು!

ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಒಂದು ದಿನ ತಟ್ಟೆ ತಳ್ಳಿ ಎದ್ದು ಹೋದ. ಇನ್ನೊಂದು ವಾರ ನಮ್ಮ ಜೊತೆ ಮಾತೇ ಬಿಟ್ಟ. ನನಗೂ ಸಿಟ್ಟು ಬಂದು ಕೂಗಾಡಿದ್ದುಂಟು, ಆಮೇಲೆ ಹೋಗಿ ಕ್ಷಮೆ ಕೇಳಿದ್ದುಂಟು. ಡಾಕ್ಟರಮ್ಮ ಒಪ್ಪುವವರೆಗೆ ಅವನು ಏಣಿ ಹತ್ತಲಿಲ್ಲ, ನೆಲದ ಮೇಲೆ ನಿಂತು ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿದ.

ಏಳು ತಿಂಗಳಾದ ಮೇಲೆ, ಕಳೆದ ವಾರ, ಅಂಗಡಿಗೆ ಬಂದು ಅದೇ ಪ್ಯಾಂಟನ್ನು ಮೇಜಿನ ಮೇಲಿಟ್ಟ.

“ಅಕ್ಕ, ಬಿಗಿ ಆಗ್ತಿದೆ. ಒಂದು ಹೊಲಿಗೆ ಬಿಚ್ಚು.” ಪ್ಯಾಂಟಿನ ಮೇಲಿಂದ ಕೈ ತೆಗೆಯಲಿಲ್ಲ. “ಭಯ ಆಗ್ತಿದೆ. ಆದ್ರೂ ಬಿಚ್ಚು.”

ನಾನು ಶಭಾಷ್ ಎನ್ನಲಿಲ್ಲ. ಚೆನ್ನಾಗಾದೆ ಎಂದೂ ಹೇಳಲಿಲ್ಲ. ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದೆ. ಹೊರಗಿನ ಬಟ್ಟೆ ಬಿಸಿಲಿಗೆ ಬಿಳಿಚಿಕೊಂಡು ಬಣ್ಣದ ಕಲೆಗಳಿಂದ ತುಂಬಿತ್ತು. ಒಳಗೆ ಬಿಟ್ಟಿದ್ದ ಬಟ್ಟೆ ಮಾತ್ರ ಹೊಸದರ ಹಾಗೇ ಇತ್ತು. ಅವನು ಅದರ ಮೇಲೆ ಕೈಯಾಡಿಸಿ, “ಅವತ್ತು ಕತ್ತರಿಸಲಿಲ್ಲವಲ್ಲ, ಒಳ್ಳೇದಾಯ್ತು” ಎಂದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಊಟಕ್ಕೆ ನೆಪ ಹೇಳುತ್ತಿದ್ದಾರಾ? ತಿಂದ ಮೇಲೆ ತಮ್ಮನ್ನು ತಾವೇ ಶಿಕ್ಷಿಸಿಕೊಳ್ಳುತ್ತಿದ್ದಾರಾ? ಬೇಗಬೇಗ ತೂಕ ಇಳಿಯುತ್ತಿದೆಯಾ, ಸದಾ ಚಳಿ ಎನ್ನುತ್ತಾರಾ, ತಲೆ ಸುತ್ತುತ್ತದೆಯಾ? ಅವರು ಗಂಡಸಾಗಿರಲಿ, ಹೆಂಗಸಾಗಿರಲಿ, ತೆಳ್ಳಗಿರಲಿ, ದಪ್ಪಗಿರಲಿ, ಹೊಗಳಲೂ ಬೇಡಿ, ಗದರಲೂ ಬೇಡಿ. ಪಕ್ಕದಲ್ಲಿ ಕೂತು “ಹೇಗಿದೀಯಾ?” ಎಂದು ಕೇಳಿ, ಉತ್ತರ ಮುಗಿಯುವ ತನಕ ಕಾಯಿರಿ. ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ. ತೂಕ ಸರಿಯಾಗಿದೆ ಎಂದು ಕಳಿಸಿದರೆ, ಮೊದಲು ಹೇಗಿದ್ದರು, ಎಷ್ಟು ಬೇಗ ತೂಕ ಇಳಿಯಿತು, ಹೇಗೆ ತಿನ್ನುತ್ತಾರೆ ಎಂದು ಬಾಯಿ ಬಿಟ್ಟು ಹೇಳಿ. ಅಲ್ಲೂ ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬ ಡಾಕ್ಟರ ಬಾಗಿಲು ತಟ್ಟಿ. ತಲೆ ಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.

ನನ್ನ ಕೈಯಲ್ಲಿ ಕತ್ತರಿ ಇತ್ತು, ತಡೆಯಲು ನರ್ಸಮ್ಮ ಇದ್ದರು. ನಿಮ್ಮ ಮನೆಯಲ್ಲಿ ತಡೆಯುವವರು ನೀವೇ ಆಗಿ.