ಸದ್ದಿಲ್ಲದ ರಸ್ತೆ

"ನಂಗೆ ಕಿವಿ ಮಂದ ಆಗಿರದು ನಿಜ, ಗೌಡ್ರೆ. ತಪ್ಪು ನಂದೇ."

ಸಿದ್ದಮ್ಮ ಹಿಂಬಾಗಿಲ ಮೆಟ್ಟಿಲ ಕೆಳಗೆ ನಿಂತು ಹಾಗೆ ಹೇಳಿದಾಗ ಚಂದ್ರಶೇಖರಗೌಡರು ಬಾಯಿಗೆ ಹೋಗುತ್ತಿದ್ದ ಕಡುಬನ್ನು ತಟ್ಟೆಗೇ ಇಟ್ಟರು. ಹತ್ತು ದಿನದಿಂದ ಆ ಮನೆಯಲ್ಲಿ ಯಾರೂ ನೆಟ್ಟಗೆ ಉಂಡಿರಲಿಲ್ಲ. ಯಾರದಾದರೂ ಒಬ್ಬರ ತಪ್ಪು ಅಂತ ಆಗಬೇಕಿತ್ತು, ಈಗ ತಾನಾಗಿಯೇ ಆಯಿತು. ಅಪ್ಪನ ಮುಖ ಸಡಿಲಾದದ್ದನ್ನು ಮಗಳು ರೂಪಶ್ರೀ ನೋಡಿದಳು. ತನ್ನ ಎದೆಯೂ ಹಗುರಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಹಗುರಾದದ್ದು ಆಗಿಯೇ ಆಯಿತು, ಅದಕ್ಕೇನು ಮಾಡುವುದು!

ಮಳೆ ಹಿಡಿಯುವ ಮುಂಚೆ, ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳುಮರಗಳ ಕೊಂಬೆ ಇಳಿಸುವ ಮರಗಸಿ ಎಲ್ಲ ತೋಟದಲ್ಲೂ ನಡೆಯುತ್ತದೆ. ಒಳತೋಟದಲ್ಲಾದರೆ ಚಿಂತೆಯಿಲ್ಲ. ರಸ್ತೆ ಬದಿಯ ಮರ ಹತ್ತಿದರೆ ಮಾತ್ರ ಕೆಳಗೆ ತಿರುವಿನಲ್ಲಿ ಒಬ್ಬರು ನಿಲ್ಲಬೇಕು. ನಿಂತವರ ಕೆಲಸ ನೋಡುವುದಲ್ಲ, ಕೇಳುವುದು. ಆ ಅಂಕುಡೊಂಕಿನಲ್ಲಿ ಕಣ್ಣಿಗೆ ಏನು ಕಂಡೀತು? ಜೀಪು ಇನ್ನೂ ಎರಡು ತಿರುವು ಆಚೆ ಇರುವಾಗಲೇ ಸದ್ದು ಹಿಡಿದು "ತಡೀ" ಎಂದು ಕೂಗಿದರೆ ಮರದ ಮೇಲಿನವನು ಕತ್ತಿ ನಿಲ್ಲಿಸುತ್ತಾನೆ. ಸಿದ್ದಮ್ಮ ಇಪ್ಪತ್ತು ವರ್ಷದಿಂದ ಹೀಗೆ ನಿಂತವಳು. ಬರುವುದು ಬಸ್ಸೋ ಪಿಕಪ್ಪೋ, ಪಿಕಪ್ಪಾದರೆ ಖಾಲಿಯೋ ಲೋಡೋ, ಎಲ್ಲವನ್ನೂ ಕಾಣದೆಯೇ ಹೇಳುತ್ತಿದ್ದಳು.

ಆವತ್ತು ಭಾನುವಾರ, ಗಾಡಿಗಳ ಓಡಾಟ ಕಮ್ಮಿಯೆಂದು ಗೌಡರು ಬಸರಿಮರದ ತಿರುವಿನಲ್ಲಿ ಮರಗಸಿ ಇಟ್ಟುಕೊಂಡಿದ್ದರು. ಸಿದ್ದಮ್ಮ ತಿರುವಿನಲ್ಲಿ ಮರದ ಕಡೆ ಮುಖ ಮಾಡಿ ನಿಂತಿದ್ದಳು. ಮರ ಹತ್ತಿದ್ದ ಲಕ್ಕಯ್ಯ ಮೇಲಿನಿಂದ ತೊಡೆ ಗಾತ್ರದ ಕೊಂಬೆ ಇಳಿಸಿದ, ಅದು ರಸ್ತೆಗೆ ಅಡ್ಡ ಬಿತ್ತು. ಅದೇ ಗಳಿಗೆಗೆ ಅವಳ ಬೆನ್ನ ಹಿಂದಿನಿಂದ, ಇಳಿಜಾರಿನಲ್ಲಿ, ಆಲ್ದೂರಿನ ಅಜಿತ್ ಸೈಕಲ್ಲಿನಲ್ಲಿ ಬಂದ. ಪಕ್ಕದಲ್ಲಿ ಹಾದು ಹೋಗುವವರೆಗೂ ಅವಳಿಗೆ ಗೊತ್ತಾಗಲಿಲ್ಲ. ಅವನು ಬ್ರೇಕ್ ಹಿಡಿದ, ಜಾರಿದ, ಚರಂಡಿಯ ಕಲ್ಲಿಗೆ ಹೋಗಿ ಬಡಿದ. ತೊಡೆಮೂಳೆ ಎರಡು ಕಡೆ ಮುರಿದು, ಚಿಕ್ಕಮಗಳೂರಿನಲ್ಲಿ ಒಳಗೆ ರಾಡು ಹಾಕಿ ಮನೆಗೆ ಕಳಿಸಿದ್ದಾರೆ. ಮೊದಲಿನ ಹಾಗೆ ನಡೆಯುತ್ತಾನೋ ಇಲ್ಲವೋ ಈಗಲೇ ಹೇಳಲಿಕ್ಕಾಗುವುದಿಲ್ಲವಂತೆ.

"ಎಷ್ಟು ದಿನದಿಂದ ಕೇಳ್ತಿಲ್ಲ?" ಗೌಡರು ಕೇಳಿದರು.

"ಗೊತ್ತಿಲ್ಲ ಗೌಡ್ರೆ. ಆವತ್ತೇ ಗೊತ್ತಾಗಿದ್ದು. ಆ ಹುಡ್ಗ ಮೈಗೆ ತಾಗೋ ಹಂಗೆ ಹೋದ, ನಂಗೆ ಕೇಳ್ಲಿಲ್ಲ ಅಂದ್ರೆ ಕಿವಿ ಹೋಗಿದೆ ಅಂತ್ಲೇ ಅಲ್ವಾ?"

ಗೌಡರು ಕೆಟ್ಟವರಲ್ಲ. ಕೂಗಾಡಲಿಲ್ಲ. ಕೈತೊಳೆದು ಬಂದು ಮೆಟ್ಟಿಲ ಮೇಲೆ ಕುಳಿತು ಮೆತ್ತಗೇ ಹೇಳಿದರು. "ನೋಡು ಮಾರಾಯ್ತಿ, ಇಲ್ಲಿ ಆನೆ ಓಡಾಡ್ತವೆ. ಕಿವಿ ಕೇಳದೋಳನ್ನ ತೋಟಕ್ಕೆ ಬಿಟ್ಟು, ನಾಳೆ ಇನ್ನೊಂದು ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಸೋಮವಾರದಿಂದ ನೀನು ಬರೋದು ಬ್ಯಾಡ. ಮನೇಲಿರು."

"ಮನೇಲಿದ್ದು ಎಂತ ಮಾಡ್ಲಿ?"

ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು. ತೋಟ ಬಿಟ್ಟರೆ ಅವಳಿಗೆ ಬೇರೆ ಜಾಗವೇ ಗೊತ್ತಿಲ್ಲ. ಒಳಗೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದ ಗೌಡರ ಹೆಂಡತಿ ವಸಂತಮ್ಮ ತಲೆ ಎತ್ತದೆಯೇ, ತಮ್ಮಷ್ಟಕ್ಕೆ ಅಂದ ಹಾಗೆ, "ಕಾಫಿ ಕುಡ್ಕಂಡು ಹೋಗೇ" ಎಂದರು.

"ಬ್ಯಾಡಿ ಅಮ್ಮ, ಈಗಷ್ಟೇ ಆಯ್ತು," ಎಂದು ಸಿದ್ದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟುಹೋದಳು.

ರೂಪಶ್ರೀಯ ಕೈ ತಟ್ಟೆಯಲ್ಲೇ ನಿಂತಿತು. ನಲ್ಲಿ ನೀರಿನ ಸದ್ದಿನಲ್ಲಿ, ಪಕ್ಕದಲ್ಲೇ ಇದ್ದ ತನಗೆ ಅಮ್ಮನ ಮಾತು ಅರ್ಧ ಕೇಳಿಸಿತ್ತು. ಅಂಗಳದಲ್ಲಿದ್ದ ಸಿದ್ದಮ್ಮನಿಗೆ ಪೂರ್ತಿ ಕೇಳಿಸಿತ್ತಲ್ಲ!

ಆ ರಸ್ತೆಗೆ ಸೈಕಲ್ಲಿನವರನ್ನು ತಂದವಳು ರೂಪಶ್ರೀಯೇ. ಮೂಡಿಗೆರೆಯ ಕಾಲೇಜಿನಲ್ಲಿ ಪಾಠ ಹೇಳಿ ಬಂದು, ರಜೆ ಸಿಕ್ಕಿದರೆ ಸೈಕಲ್ ಹತ್ತುವ ಹುಚ್ಚು ಅವಳದು. ಕೊಟ್ಟಿಗೆಹಾರದ ಹತ್ತಿರ ಒಳಗೆ ತಿರುಗಿ, ಅರ್ಧ ಕಾಡು ಅರ್ಧ ತೋಟದ ಗುಡ್ಡಗಳನ್ನು ಹತ್ತಿಳಿದು ಬಣಕಲ್ಲಿಗೆ ಬಂದು ಸೇರುವ ನಲವತ್ತೆರಡು ಕಿಲೋಮೀಟರಿನ ರಸ್ತೆ ಹುಡುಕಿದ್ದಳು. ಎಲ್ಲಿ ನೀರು ಸಿಗುತ್ತದೆ, ಯಾರ ಮನೆ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲಿ ಡಾಂಬರು ಕಿತ್ತಿದೆ ಎಂದು ಎರಡು ವರ್ಷ ಗುರುತು ಹಾಕಿ, 'ಸದ್ದಿಲ್ಲದ ರಸ್ತೆ' ಎಂದು ಹೆಸರಿಟ್ಟು ಸೈಕಲ್ ಕ್ಲಬ್ಬಿನವರಿಗೆ ಕೊಟ್ಟಿದ್ದಳು. ಆ ಭಾನುವಾರ ಐದು ಜನ ಅದನ್ನು ನೋಡಿ ಒಪ್ಪಲು ಬಂದವರು. ಅಜಿತ್ ಎಲ್ಲರಿಗಿಂತ ಮುಂದಿದ್ದ.

ಮನೆಯಲ್ಲಿ ಅವಳು ಹೇಳಿರಲಿಲ್ಲ. ಸೈಕಲ್ ಅಂದರೆ ಅಪ್ಪನಿಗೆ ತಾತ್ಸಾರ. "ಅವ್ರು ಬರೋದು ನಂಗೆ ಗೊತ್ತಿರ್ಲಿಲ್ಲ, ಇಲ್ಲಿ ಕೊಂಬೆ ಇಳಿಸೋದು ನಿಂಗೆ ಗೊತ್ತಿರ್ಲಿಲ್ಲ. ಒಂದೇ ಮನೇಲಿ ಇದ್ದು ನೋಡು ನಮ್ಮ ಹಣೇಬರ," ಎಂದು ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ಅಂದಾಗ ಅವಳು ತಲೆಯಾಡಿಸಿದ್ದಳು.

ಅವಳಿಗೆ ಗೊತ್ತಿತ್ತು. ಶನಿವಾರ ಸಂಜೆ ಕೊನೆಯ ಸಲ ರಸ್ತೆ ನೋಡಿ ಬರೋಣವೆಂದು ಹೋದಾಗ ಬಸರಿಮರದ ಬುಡದಲ್ಲಿ ಏಣಿ ಇತ್ತು, ಹಗ್ಗ ಇತ್ತು, ಮರಗಳಿಗೆ ಸುಣ್ಣದ ಗುರುತು ಬಳಿದಿತ್ತು. ನಾಳೆ ಇಲ್ಲಿ ಏನು ನಡೆಯುತ್ತದೆ ಎಂದು ತೋಟದಲ್ಲಿ ಹುಟ್ಟಿ ಬೆಳೆದವಳಿಗೆ ಯಾರು ಹೇಳಿಕೊಡಬೇಕು? ಫೋನಿನಲ್ಲಿ ಕ್ಲಬ್ಬಿನ ಗುಂಪಿಗೆ ಒಂದು ಸಾಲು ಬರೆದಿದ್ದರೆ ಮುಗಿದಿತ್ತು. ಬರೆದರೆ ಅವರು ಹೈವೇ ಹಿಡಿಯುತ್ತಾರೆ, ಎರಡು ವರ್ಷದ ಕೆಲಸ ಇನ್ನೊಂದು ಮಳೆಗಾಲ ಮುಗಿಯುವವರೆಗೂ ಕೊಳೆಯುತ್ತದೆ. ಹೇಗೂ ಸಿದ್ದಮ್ಮ ನಿಂತಿರುತ್ತಾಳೆ, ತಡೆಯುತ್ತಾಳೆ ಎಂದುಕೊಂಡು ಫೋನು ಜೇಬಿಗೆ ಹಾಕಿದ್ದಳು. ಅಷ್ಟೇ. ಆಮೇಲೆ ಅಜಿತನಿಗೆ ಫೋನ್ ಮಾಡುವ ಧೈರ್ಯವೂ ಬರಲಿಲ್ಲ. 'ಬೇಗ ಗುಣವಾಗಿ' ಎಂದು ಹೂವಿನ ಚಿತ್ರ ಹಾಕಿ ಒಂದು ಮೆಸೇಜು ಕಳಿಸಿ ಕೈತೊಳೆದುಕೊಂಡಿದ್ದಳು, ಮಹಾತಾಯಿ.

ಈಗ ಅವಳಿಗೆ ಒಂದು ಆಸೆ ಹುಟ್ಟಿತು. ಸಿದ್ದಮ್ಮನ ಕಿವಿ ಸರಿಯಾಗಿದೆ ಎಂದು ಅಪ್ಪನಿಗೆ ತೋರಿಸಿಬಿಟ್ಟರೆ ಅವಳ ಕೆಲಸ ಉಳಿಯುತ್ತದೆ. ಸೈಕಲ್ಲಿಗೆ ಸದ್ದೇ ಇಲ್ಲ, ಯಾರಿಗೂ ಕೇಳುವುದಿಲ್ಲ ಎಂದರೆ ಯಾರದ್ದೂ ತಪ್ಪಿಲ್ಲವೆಂದಾಗುತ್ತದೆ. ತನ್ನ ವಿಷಯ ಎತ್ತದೆಯೇ ಎಲ್ಲ ಮುಗಿಯುತ್ತದೆ.

ಮರುದಿನ ಬೆಳಗ್ಗೆ ಸಿದ್ದಮ್ಮನನ್ನು ಕರೆದುಕೊಂಡು ತಿರುವಿಗೆ ಹೋದಳು. ಬಿಸಿಲು ಆಗಲೇ ಚುರುಕಾಗಿತ್ತು. ಕಡಿದ ಕೊಂಬೆಗಳ ಎಲೆಗಳು ರಸ್ತೆ ಬದಿಯಲ್ಲಿ ಒಣಗಿ ಬಿದ್ದಿದ್ದವು.

"ಆವತ್ತು ನಿಂತ ಹಂಗೇ ನಿಲ್ಲು. ತಿರುಗಿ ನೋಡ್ಬೇಡ. ನಾನು ಬರೋದು ಕೇಳಿದ್ರೆ ಕೈ ಎತ್ತು."

"ನಂಗೆಂತಕ್ಕೆ ಇದೆಲ್ಲ ರೂಪಮ್ಮ? ಕೇಳಲ್ಲ ಅಂದ್ನಲ್ಲ."

"ನಿಲ್ಲು, ನನಗೋಸ್ಕರ."

ರೂಪಶ್ರೀ ಸೈಕಲ್ಲನ್ನು ಗುಡ್ಡದ ನೆತ್ತಿಗೆ ತಳ್ಳಿಕೊಂಡು ಹೋಗಿ, ಹತ್ತಿ, ಪೆಡಲ್ ತುಳಿಯದೆ ಬಿಟ್ಟಳು. ಎರಡೂ ಬದಿಯ ಮರಗಳು ಹಿಂದಕ್ಕೆ ಓಡಿದವು. ತಿರುವಿನಲ್ಲಿ ಸಿದ್ದಮ್ಮನ ಬೆನ್ನು ಕಂಡಿತು. ಕೈ ಏಳಲಿಲ್ಲ. ಪಕ್ಕದಲ್ಲಿ ಹಾದು ಹೋದಾಗ ಅವಳು ಬೆಚ್ಚಿ "ಅಯ್ಯಪ್ಪಾ!" ಎಂದಳು.

"ನೋಡಿ, ಕೇಳ್ಲೇ ಇಲ್ಲ. ಬರೀ ಜೀರುಂಡೆ."

"ಎಲ್ಲ ಕಡೆ ಜೀರುಂಡೆನೇ ಸಿದ್ದಮ್ಮ, ಮೇ ತಿಂಗ್ಳು."

"ಮರದಲ್ಲಿ ಕೂತು ಕೂಗೋದಲ್ಲ. ಒಂದು ಮಾತ್ರ ಮೇಲಿಂದ ಕೂಗ್ತಾ ಕೂಗ್ತಾ ಕೆಳಗೆ ಬಂತು. ನೀವು ನಿಂತ್ರಿ, ಅದೂ ನಿಲ್ತು."

ರೂಪಶ್ರೀ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದಳು. ಪೆಡಲ್ ತುಳಿಯದಾಗ ಸದ್ದು ಮಾಡುವ ಫ್ರೀವೀಲು ಜಿರ್ರ್ ಎಂದು ಕೂಗಿತು.

"ಇದೇ," ಎಂದಳು ಸಿದ್ದಮ್ಮ. "ಆವತ್ತೂ ಇದೇ ಕೂಗಿದ್ದು."

"ನೋಡಿದ್ಯಾ! ನಿನ್ನ ಕಿವಿಗೆ ಎಂತದೂ ಆಗಿಲ್ಲ. ಚಿನ್ನದಂಥ ಕಿವಿ! ಅಪ್ಪನಿಗೆ ಇವತ್ತೇ ಹೇಳ್ತೀನಿ."

ಸಿದ್ದಮ್ಮ ನಗಲಿಲ್ಲ. ಚಕ್ರ ತಿರುಗಿ ತಿರುಗಿ ನಿಲ್ಲುವವರೆಗೂ ನೋಡುತ್ತಿದ್ದಳು. ಮೋರಿಯ ಕಟ್ಟೆ ಹುಡುಕಿಕೊಂಡು ಹೋಗಿ ಕುಳಿತಳು.

"ಹಂಗಾರೆ ನಂಗೆ ಕೇಳಿತ್ತು," ಎಂದಳು. "ಆ ಹುಡ್ಗ ಬರೋದು ಕೇಳೀನೂ ನಾನು ಸುಮ್ನೆ ನಿಂತಿದ್ದೆ. ಕಿವಿ ಹೋಗಿದೆ, ನಾನೆಂತ ಮಾಡಕ್ಕಾಗುತ್ತೆ ಅಂದ್ಕಂಡು ಹೆಂಗೋ ಒಂಚೂರು ನಿದ್ದೆ ಮಾಡ್ತಿದ್ದೆ ರೂಪಮ್ಮ. ಇನ್ನು ಅದೂ ಇಲ್ಲ."

"ನಿನ್ನ ತಪ್ಪಲ್ಲ ಅದು."

"ಮತ್ಯಾರ್ದು?"

ಸುಮ್ಮನೆ ಕೇಳಿದ ಪ್ರಶ್ನೆ. ಅವಳ ಕಣ್ಣಿನಲ್ಲಿ ಯಾವ ಅನುಮಾನವೂ ಇರಲಿಲ್ಲ. ಅನುಮಾನ ಇದ್ದಿದ್ದರೆ ರೂಪಶ್ರೀ ಏನಾದರೂ ಒಂದು ಹೇಳಿ ಜಾರಿಕೊಳ್ಳುತ್ತಿದ್ದಳೇನೋ.

"ನಂದು. ಶನಿವಾರ ನಾನಿಲ್ಲಿ ಬಂದಿದ್ದೆ. ಏಣಿ ನೋಡಿದ್ದೆ. ಅವರಿಗೆ ಬರಬೇಡಿ ಅಂತ ಹೇಳ್ಬಹುದಿತ್ತು. ಹೇಳ್ಲಿಲ್ಲ. ನೀನು ನಿಂತಿರ್ತೀಯಲ್ಲ ಅಂದ್ಕೊಂಡೆ."

ಸಿದ್ದಮ್ಮ ಕಾಲ ಬಳಿಯ ಒಣಗಿದ ಎಲೆಯೊಂದನ್ನು ಎತ್ತಿ ಪುಡಿಮಾಡಿದಳು. "ನಿನ್ನೆ ಗೌಡ್ರ ಮುಂದೆ ನಾನು ನಿಂತಿದ್ದಾಗ ನೀವೂ ಅಲ್ಲೇ ಇದ್ರಲ್ಲ," ಎಂದಳು ಕಡೆಗೆ.

"ಇದ್ದೆ."

"ಕಡುಬು ತಿಂತಿದ್ರಿ."

"ಹೂಂ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿದ್ದಮ್ಮ ಎದ್ದು ಸೀರೆ ಕೊಡವಿಕೊಂಡಳು. "ನಂಗೆ ಹೇಳಿ ಎಂತ ಆಗ್ಬೇಕು? ಕಾಲು ಮುರ್ಕಂಡು ಬಿದ್ದಿರೋದು ನಾನಲ್ಲ. ಅವನಿಗೆ ಹೇಳಿ."

"ಹೇಳ್ತೀನಿ. ಸಂಜೆ..."

"ಈಗ್ಲೇ ಹೇಳಿ. ನಾನಿಲ್ಲೇ ನಿಂತಿರ್ತೀನಿ."

ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಮೂರನೆಯ ರಿಂಗಿಗೇ ಅಜಿತ್ ಎತ್ತಿದ.

"ಅಯ್ಯೋ ಮೇಡಮ್, ನೀವಾ! ನಾನೇ ಫೋನ್ ಮಾಡಿ ಸಾರಿ ಕೇಳ್ಬೇಕು ಅಂತಿದ್ದೆ. ಎಷ್ಟು ಕಷ್ಟಪಟ್ಟು ಹುಡುಕಿದ ರಸ್ತೆ, ನಾನು ಅಷ್ಟು ಸ್ಪೀಡಾಗಿ ಬಂದು ಅದರ ಹೆಸರೇ ಕೆಡಿಸಿಬಿಟ್ಟೆ."

ಅವಳು ಕಣ್ಣು ಮುಚ್ಚಿಕೊಂಡು ಹೇಳಿದಳು. ಏಣಿ, ಸುಣ್ಣ, ಜೇಬಿಗೆ ಹಾಕಿದ ಫೋನು. ನಡುವೆ ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆನೆಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಅಜಿತ್?"

"ಇದೀನಿ." ಅವನ ದನಿ ಬದಲಾಗಿತ್ತು. "ಹತ್ತು ದಿನದಿಂದ ಅಮ್ಮ ಬೈತಾನೇ ಇದಾರೆ, ಮೇಡಮ್. ನಿನ್ನ ಸೊಕ್ಕೇ ನಿನ್ನನ್ನ ಮಲಗಿಸ್ತು ಅಂತ. ಹೌದಮ್ಮ, ನಂದೇ ತಪ್ಪು ಅಂತ ನಾನು ದಿನಾ ಹೇಳ್ತಿದೀನಿ. ನನ್ನನ್ನ ಎತ್ತಿ ಕೂರಿಸೋದು ಅವ್ರೇ, ತೊಳ್ಸೋದೂ ಅವ್ರೇ."

"ನಾನು..."

"ನನಗೆ ಹೇಳಿದ್ದು ಆಯ್ತು. ಅಮ್ಮನ ಕೈಗೆ ಕೊಡ್ತೀನಿ. ಇದನ್ನೇ ಅವರಿಗೂ ಹೇಳಿ."

"ಅಜಿತ್, ಒಂದು ನಿಮಿಷ..."

ಅವನು ಆಗಲೇ ಕೂಗಿ ಕರೆಯುತ್ತಿದ್ದ. ದೂರದಲ್ಲಿ ಕುಕ್ಕರು ಕೂಗಿತು, ಯಾರೋ ಒಲೆ ಸಣ್ಣಗೆ ಮಾಡಿದರು. ಚಪ್ಪಲಿಯಿಲ್ಲದ ಕಾಲಿನ ಸದ್ದು ಹತ್ತಿರ ಬಂತು. ಸಿದ್ದಮ್ಮ ರಸ್ತೆಯ ಆಚೆ ಬದಿಯಿಂದ ಬಂದು ರೂಪಶ್ರೀಯ ಪಕ್ಕದಲ್ಲಿ ನಿಂತಳು. ಫೋನಿನಲ್ಲಿ ಬಳೆ ಸದ್ದಾಯಿತು.

"ಹಲೋ? ಯಾರಮ್ಮಾ ಮಾತಾಡೋದು?"