ಒಂದೇ ಪದರ

ಅಂಟುಟೇಪಿನ ಎರಡು ತುದಿ ಹಿಡಿದು ಅವನು ಎಳೆದ. ಚರ್ರೆಂದಿತು. ಎದುರಿಗೆ ನಿಂತಿದ್ದ ದಪ್ಪನೆಯ ಗೃಹಸ್ಥರು ಬೆಚ್ಚಿ ಹಿಂದೆ ಸರಿದರು.

"ಇಷ್ಟೇನಾ?"

"ಇಷ್ಟೇ."

ಹಾಗೆನ್ನುವಾಗ ಅವನಿಗೆ ಸಣ್ಣ ಖುಷಿಯಾಗುತ್ತಿತ್ತು. ಪೆನ್ಸಿಲಿನ ಕಡ್ಡಿಯಲ್ಲಿರುವಂಥದೇ ಕಪ್ಪು ವಸ್ತು; ಪದರದ ಮೇಲೆ ಪದರ. ಟೇಪಿಗೆ ಅಂಟಿಸಿ ಎಳೆದರೆ ಸುಲಿಯುತ್ತದೆ, ಸುಲಿದದ್ದು ಮತ್ತೆ ಸುಲಿಯುತ್ತದೆ. ಅದೃಷ್ಟವಿದ್ದರೆ ಕೊನೆಗೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಹಾಳೆ ಉಳಿಯುತ್ತದೆ. ಗ್ರ್ಯಾಫೀನ್. ಅದಕ್ಕಿಂತ ತೆಳ್ಳಗಾಗುವುದು ಸಾಧ್ಯವಿಲ್ಲ. ಆದರೂ ವಿದ್ಯುತ್ತು ಅದರ ಮೇಲೆ ಜಾರುಬಂಡೆಯ ಮೇಲೆ ಜಾರಿದಷ್ಟು ಸಲೀಸಾಗಿ ಓಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸ್ವಿಚ್ಚುಗಳನ್ನು ಅದರಲ್ಲಿ ಕೊರೆಯುವುದು, ಕೊರೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅವನ ಕೆಲಸ. ವರ್ಷಕ್ಕೊಂದು ದಿನ ಸಂಸ್ಥೆ ಬಾಗಿಲು ತೆರೆದು ಊರಿನವರನ್ನೆಲ್ಲ ಒಳಗೆ ಬಿಡುತ್ತಿತ್ತು. ಇವತ್ತು ಆ ದಿನ.

"ಇದರಿಂದ ಉಪಯೋಗ ಏನು ಸಾರ್?"

"ಮುಂದೆ ಆಗುತ್ತೆ."

"ಯಾವಾಗ?"

"ಮುಂದೆ."

ಗೃಹಸ್ಥರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಓಹೋ, ಕಂಡಿತು ಕಂಡಿತು" ಎಂದು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು ಮುಂದಿನ ಕೋಣೆಗೆ ನಡೆದರು.

ಅವನ ಕಣ್ಣು ಬಾಗಿಲ ಕಡೆಗೇ ಇತ್ತು. ಹೆಂಡತಿ ಬರುತ್ತೇನೆಂದಿದ್ದಳು. ಪ್ರತಿವರ್ಷವೂ ಅನ್ನುತ್ತಿದ್ದಳು, ಪ್ರತಿವರ್ಷವೂ ಏನಾದರೊಂದು ಅಡ್ಡ ಬರುತ್ತಿತ್ತು. ತಾನೇನೂ ಕಾಯುತ್ತಿಲ್ಲ ಎಂದು ಬೆಳಗಿನಿಂದ ತನಗೇ ಹೇಳಿಕೊಳ್ಳುತ್ತಿದ್ದ.

ಸೂಕ್ಷ್ಮದರ್ಶಕದ ಕೆಳಗಿದ್ದದ್ದು ಗುಬ್ಬಿ ಹುಡುಕಿದ ತುಣುಕು. ಗುಬ್ಬಿ ಅವನ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಕುಪ್ಪಳಿಸಿದಂತೆ ನಡೆಯುತ್ತಿದ್ದುದರಿಂದ ಆ ಹೆಸರು. ವಾರಗಟ್ಟಲೆ ಹುಡುಕಿದ ಮೇಲೆ ಅಷ್ಟು ದೊಡ್ಡ, ಒಂದೂ ಹರುಕಿಲ್ಲದ ಒಂಟಿ ಪದರ ಸಿಕ್ಕಿದಾಗ ಅವಳು ಕಿರುಚಿದ್ದಕ್ಕೆ ಪಕ್ಕದ ಪ್ರಯೋಗಾಲಯದವರು ಬೆಂಕಿ ಬಿತ್ತೇನೋ ಎಂದು ಓಡಿಬಂದಿದ್ದರು.

"ಜನಕ್ಕೆ ತೋರಿಸೋಕೆ ಯಾವುದೋ ಒಂದು ಸಾಕಲ್ವಾ ಸಾರ್?" ಎಂದಿದ್ದಳು.

"ಅದನ್ನೇ ಇಡು." ಯಾಕೆ ಎಂದು ಹೇಳಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಹೆಂಡತಿ ಬಂದಳು. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಹಾಗೇ ಇತ್ತು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೆಲಸ ಅವಳದು.

"ತಡ ಆಯ್ತೇನ್ರೀ?"

"ಇಲ್ಲ ಇಲ್ಲ."

ಕನ್ನಡಕ ತೆಗೆದು ಅವನ ಕೈಗೆ ಕೊಟ್ಟು ಬಗ್ಗಿದಳು. ಜಡೆ ಜಾರಿ ಮುಂದೆ ಬಿತ್ತು. ಅವನು ಅದನ್ನು ಎತ್ತಿ ಹಿಡಿದುಕೊಂಡ. ಕತ್ತಿನ ಹಿಂಭಾಗದ ಸಣ್ಣ ಮಚ್ಚೆ ಕಂಡಿತು. ಅದೊಂದು ಅಲ್ಲಿದೆ ಎನ್ನುವುದೇ ಮರೆತುಹೋಗಿತ್ತು.

ಅವಳು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

"ಕಂಡಿತಾ?"

"ಹೂಂ."

"ಹೇಗಿದೆ?"

"ತುಂಬಾ ಚೆನ್ನಾಗಿದೆ." ತಲೆಯೆತ್ತಿದಾಗ ಕಣ್ಣುಗಳು ಮಿನುಗುತ್ತಿದ್ದವು. "ಇಷ್ಟು ವರ್ಷ ಇದರ ಹಿಂದೆ ಬಿದ್ದಿದ್ದು ಸುಮ್ಮನೆ ಅಲ್ಲ ಬಿಡಿ."

ಅವನು ಏನಾದರೂ ಹೇಳಬೇಕೆಂದು ಹೊರಟು, ಪರಮಾಣುಗಳು ಜೇನುಗೂಡಿನ ಹಾಗೆ ಜೋಡಣೆಗೊಂಡಿರುವ ಬಗ್ಗೆ ಹೇಳಿದ. ಅವಳು ಅವನ ತೋಳನ್ನೊಮ್ಮೆ ಒತ್ತಿ, ಗುಬ್ಬಿಯ ಜೊತೆ ಹರಟಲು ಕಿಟಕಿಯ ಬಳಿ ಹೋದಳು.

ಅವಳು ನೋಡಿದ್ದನ್ನು ತಾನೂ ನೋಡೋಣವೆನಿಸಿತು. ಬಗ್ಗಿದ.

ಏನೂ ಇರಲಿಲ್ಲ. ಬರಿಯ ನೇರಳೆ ಬಣ್ಣದ ಬಯಲು. ಒಂದು ಧೂಳಿನ ಕಣವೂ ಇಲ್ಲ.

ಗುಬ್ಬಿಯನ್ನು ಸನ್ನೆ ಮಾಡಿ ಕರೆದ. ಅವಳು ನೋಡಿದಳು, ಮುಖ ಸಣ್ಣದಾಯಿತು.

"ಬೆಳಿಗ್ಗೆ ಶಾಲೆ ಮಕ್ಕಳು ಬಂದಾಗ ಯಾರದೋ ಚೀಲ ತಗುಲಿತ್ತು ಸಾರ್. ತುಣುಕನ್ನ ಸರಿಸೋ ತಿರುಪು ತಿರುಗಿಬಿಟ್ಟಿರಬೇಕು." ಆಮೇಲೆ ಪಿಸುದನಿಯಲ್ಲಿ, "ಆದ್ರೆ ಎಲ್ಲರೂ ಕಂಡಿತು ಅಂದ್ರಲ್ಲ ಸಾರ್?"

"ಅಂದರು."

ತಿರುಪನ್ನು ಮೆಲ್ಲಗೆ ತಿರುಗಿಸಿದ. ಬಯಲು ಸರಿಯಿತು, ಸರಿಯಿತು. ಅಂಚಿನಿಂದ ಆ ತುಣುಕು ತೇಲಿ ಒಳಗೆ ಬಂತು. ನೇರಳೆಯ ಮೇಲೆ ಒಂದಿಷ್ಟೇ ಗಾಢವಾದ ನೇರಳೆ. ಇಷ್ಟು ಹೊತ್ತೂ ಅಲ್ಲೇ, ಪಕ್ಕದಲ್ಲೇ ಇತ್ತು.

ಹೆಂಡತಿ ಹೊರಡುವುದಕ್ಕೆಂದು ಚೀಲ ಹೆಗಲಿಗೇರಿಸಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ.

"ಇನ್ನೊಂದ್ಸಲ ನೋಡ್ತೀಯಾ?"

"ಯಾಕ್ರೀ? ನೋಡಿದೆನಲ್ಲ."

"ಸುಮ್ಮನೆ."

"ಹಿಂದೆ ಜನ ಕಾಯ್ತಿದಾರೆ, ಅವರಿಗೆ ತೋರಿಸಿ. ನಾನು ಹೊರಗೆ ಕಾರಲ್ಲಿ ಕೂತಿರ್ತೀನಿ."

ಅವನು ಒತ್ತಾಯಿಸಲಿಲ್ಲ. ಸಾಲಿನಲ್ಲಿದ್ದ ಮುಂದಿನವನು ನಿಜವಾದದ್ದನ್ನೇ ನೋಡಿ, "ಏನೂ ಕಾಣಲ್ವಲ್ಲ ಸಾರ್" ಎಂದ.

ಸಂಜೆ ಕಾರು ಅವಳೇ ಓಡಿಸಿದಳು. ದಾರಿಯುದ್ದಕ್ಕೂ ಆಸ್ಪತ್ರೆಯ ಮಾತು. ಒಬ್ಬ ಟೈಲರು, ಮಾತು ನಿಂತು ತಿಂಗಳುಗಳಾದವು. ಅವರ ಹೆಂಡತಿ ದಿನಾ ಬಂದು ಪಕ್ಕದಲ್ಲಿ ಕೂರುತ್ತಾರೆ. ಅವನು "ಹೂಂ" ಎನ್ನುತ್ತಿದ್ದ. ಅವಳು ಆಸ್ಪತ್ರೆಯ ಮಾತೆತ್ತಿದಾಗ ಅವನು ಯಾವಾಗಲೂ ಹಾಗೇ ಅನ್ನುತ್ತಿದ್ದ. ಇವತ್ತು ಆ ಹೂಂ ಅವನ ಕಿವಿಗೇ ಕೇಳಿಸಿತು.

"ಇವತ್ತು ಟೈಲರು ಏನೋ ತುಟಿ ಆಡಿಸಿದ್ರು. ಆಕೆ ನನ್ನ ಮುಖ ನೋಡಿದ್ರು. 'ನಿಮ್ಮ ಹೆಸರೇ ಅಂದಿದ್ದು' ಅಂದೆ."

"ಅವರು ಹೆಸರು ಹೇಳಿದ್ರಾ?"

"ಇಲ್ಲ."

"ಮತ್ತೆ?"

"ಎಷ್ಟು ದಿನದಿಂದ ಕಾಯ್ತಿದ್ರು ಪಾಪ." ಗೇರು ಬದಲಿಸಿ ಸಿಗ್ನಲ್ಲಿಗೆ ಕಾರು ನಿಲ್ಲಿಸಿದಳು. "ಆಕೆ ಅತ್ತುಬಿಟ್ರು. ಅದನ್ನ ನೋಡಿ ಟೈಲರಿಗೂ ಕಣ್ಣಲ್ಲಿ ನೀರು."

ನೀನು ನಿಜಕ್ಕೂ ಏನು ನೋಡಿದೆ ಎಂದು ಕೇಳಿಬಿಡೋಣ ಎನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ದೀಪ ಹಸಿರಾಯಿತು; ಹಿಂದಿನ ಕಾರಿನವನು ಹಾರನ್ ಹೊಡೆದ.

ಊಟಕ್ಕೆ ಕೂತಾಗ ಅವನ ಅಮ್ಮ ಸೊಸೆಯನ್ನು ಬಿಡಲಿಲ್ಲ. "ಅದೇನಮ್ಮ ಅದು, ನೋಡಿದೆಯಾ ಅಂತೂ? ಸಣ್ಣವನಿದ್ದಾಗ ತನ್ನ ಚಪ್ಪಲಿ ಹುಡುಕಿಕೊಳ್ಳೋಕೆ ಆಗ್ತಿರಲಿಲ್ಲ ಇವನಿಗೆ. ಕಣ್ಣಿಗೆ ಕಾಣದ್ದನ್ನ ಹುಡುಕೋದಕ್ಕೆ ಸಂಬಳ ಬೇರೆ ಕೊಡ್ತಾರೆ!"

ಮೂವರೂ ನಕ್ಕರು.

"ನೋಡಿದೆ ಅತ್ತೆ."

"ಹೇಗಿರುತ್ತೆ?"

ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಯೋಚಿಸಿದಳು. "ಕನ್ನಡಿ ಮೇಲೆ ಉಸಿರು ಬಿಟ್ರೆ, ಅದು ಆರಿಹೋಗೋ ಮುಂಚೆ ಕೊನೇ ಕ್ಷಣ ಒಂದು ಇರುತ್ತಲ್ಲ? ಇದೆಯೋ ಇಲ್ಲವೋ ಅನ್ನೋ ಹಾಗೆ? ಹಾಗಿರುತ್ತೆ."

ಅವನ ಕೈ ನಿಂತಿತು. ಅದು ಹಾಗೇ ಇರುತ್ತದೆ. ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಆಮೇಲೆ ನೆನಪಾಯಿತು: ಆ ಮಾತು ತನ್ನದೇ. ಮದುವೆಯಾದ ಹೊಸತರಲ್ಲಿ, ಬಾಡಿಗೆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ, ಯಾವತ್ತೋ ಅವಳಿಗೆ ಹೇಳಿದ್ದು. ಅವನು ಮರೆತೇಬಿಟ್ಟಿದ್ದ. ಅವಳು ಒಂದಕ್ಷರವನ್ನೂ ಬೀಳಗೊಡದೆ ಇಟ್ಟುಕೊಂಡಿದ್ದಳು.

"ಹೌದೇನೋ?" ಅಮ್ಮ ಅವನ ಕಡೆ ತಿರುಗಿದಳು.

"ಹೂಂ. ಹಾಗೇ ಇರುತ್ತೆ."

"ಅಂತೂ ಒಬ್ಬಳಾದರೂ ನೋಡಿದಳಲ್ಲ, ಸದ್ಯ" ಎಂದು ಅಮ್ಮ ಕೈತೊಳೆಯಲು ಎದ್ದಳು.

ಉಳಿದ ಅಡುಗೆಯನ್ನು ಹೆಂಡತಿ ಗಾಜಿನ ಬಟ್ಟಲಿಗೆ ಹಾಕಿದಳು. ಸುರುಳಿಯಿಂದ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಹರಿದಳು. ಅದು ತನಗೇ ತಾನು ಅಂಟಿಕೊಂಡು ಮುದ್ದೆಯಾಯಿತು. "ಥತ್, ಇದೊಂದು" ಎಂದು ನಗುತ್ತ ಅವನತ್ತ ನೋಡಿದಳು.

ಅವನು ಎದ್ದು ಹೋಗಿ ಎರಡು ಮೂಲೆ ಹಿಡಿದ. ಎರಡು ಮೂಲೆ ಅವಳು ಹಿಡಿದಳು. ಬಟ್ಟಲಿನ ಮೇಲೆ ಸುಕ್ಕಿಲ್ಲದಂತೆ ಬಿಗಿಯಾಗಿ ಎಳೆದರು. ಒಂದು ಕ್ಷಣ ಅಲ್ಲಿ ಹಾಳೆಯೇ ಇಲ್ಲವೆನಿಸುವಷ್ಟು ತಿಳಿಯಾಗಿತ್ತು. ಒಳಗಿನ ಬಿಸಿ ಇನ್ನೂ ಆರಿರಲಿಲ್ಲ. ನೋಡುತ್ತಿದ್ದಂತೆ ಹಾಳೆಯ ಒಳಮೈ ಮಬ್ಬಾಗತೊಡಗಿತು. ನಡುವಿನಿಂದ ಅಂಚಿನವರೆಗೂ ಬಿಳಿಚಿಕೊಂಡಿತು. ಒಳಗೇನಿದೆಯೆಂದು ಕಾಣದಂತಾದ ಮೇಲೂ ಇಬ್ಬರೂ, ಮೂಲೆಗಳನ್ನು ಬಿಡದೆ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ನಿಂತಿದ್ದರು.