ತಟ್ಟೆಯ ಅರಳಿ

ಮೊದಲು ಆರುವುದು ಬೆರಳುಗಳು, ಆಮೇಲೆ ಪಾದದ ಅಂಚು, ಹಿಮ್ಮಡಿ ಮಾತ್ರ ತಡ — ಬಚ್ಚಲಿನಿಂದ ಕಾಲು ಒರೆಸಿಕೊಳ್ಳದೆ ನೇರ ತಾರಸಿಗೆ ಬಂದೆನಲ್ಲ, ಸಿಮೆಂಟಿನ ಮೇಲೆ ನನ್ನದೇ ಹೆಜ್ಜೆ, ಅಗಲ, ಚಪ್ಪಟೆ, ಇದು ಅವಳದಲ್ಲ, ಅವಳದು ಇನ್ನೆಲ್ಲಿ, ನಿನ್ನೆಗೆ ಕಾತ್ಯಾಯಿನಿಯ ವೈಕುಂಠ ಸಮಾರಾಧನೆಯೂ ಮುಗಿಯಿತು, ನೆಂಟರು ಬೆಳಗಿನ ಬಸ್ಸು ಹಿಡಿದರು, ಇಲ್ಲಿ ಸ್ಟೂಲಿನ ಮೇಲೆ ಅಗಲವಾದ ಮಣ್ಣಿನ ತಟ್ಟೆ, ತಟ್ಟೆಯಲ್ಲಿ ಗೇಣುದ್ದದ ಅರಳಿ, ಎಲೆಯಿಲ್ಲದ್ದು. ಉಗುರಿನಿಂದ ಕೆರೆದು ನೋಡುತ್ತೇನೆ, ತೊಗಟೆಯ ಕೆಳಗೆ ಹಸಿರಿದ್ದರೆ ಜೀವವಿದೆ ಎಂದು ವೆಂಕಟಾಚಲ ಹೇಳಿಕೊಟ್ಟಿದ್ದ, ಕಂದು, ಇಲ್ಲೂ ಕಂದು, ನಾರಾಯಣಾ, ಎಷ್ಟು ಕಡೆ ಕೆರೆಯಲಿ. ವೆಂಕಟಾಚಲ ನನ್ನ ಜೊತೆ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿದ್ದವನು, ಆರು ತಿಂಗಳ ತರಬೇತಿಗೆಂದು ಜಪಾನಿಗೆ ಹೋಗಿ ಬೊನ್ಸಾಯ್ ಎಂಬ ಹುಚ್ಚು ಹಿಡಿಸಿಕೊಂಡು ಬಂದ, ನೂರು ವರ್ಷದ ಮರ ಕಣಯ್ಯಾ, ಊಟದ ತಟ್ಟೆಯಷ್ಟಗಲದಲ್ಲಿ ನಿಂತಿರುತ್ತೆ, ತಾತ ನೆಟ್ಟಿದ್ದನ್ನ ಮೊಮ್ಮಗ ನೋಡ್ಕೋತಾನೆ ಅಂದ, ಅಂದವನು ನಾಲಿಗೆ ಕಚ್ಚಿಕೊಂಡ, ನಮಗೆ ಹುಟ್ಟಿದ ಎರಡು ಹೆಣ್ಣುಮಕ್ಕಳೂ ತೊಟ್ಟಿಲು ದಾಟದೆ ಹೋದದ್ದು ಅವನಿಗೆ ಗೊತ್ತಿತ್ತು. ನೋಡ್ಕೊಳ್ಳೋದು ಇರಲಿ, ನೆಡೋದು ಹೇಳ್ಕೊಡು ಅಂದೆ. ಜಯನಗರದ ಈ ಹೊಸ ಮನೆಗೆ ಬಂದ ಎರಡನೆಯ ಮಳೆಗಾಲ, ಪ್ಯಾರಾಪೆಟ್ಟಿನ ಬಿರುಕಿನಲ್ಲಿ ಅರಳಿ ಮೊಳೆತಿತ್ತು, ಬಿಟ್ಟರೆ ಗೋಡೆ ಒಡೆಯುತ್ತದೆ, ಕಿತ್ತೆಸೆದರೆ ಪಾಪ, ಊರಿನಲ್ಲಿ ಅಜ್ಜಿ ಹೇಳುತ್ತಿದ್ದಳು, ಗಾಳಿ ಇಲ್ದಾಗ್ಲೂ ಅರಳಿ ಎಲೆ ಅಲುಗೋದು ಯಾಕೆ ಗೊತ್ತೇನೋ ಸೇತೂ, ದೇವರುಗಳೆಲ್ಲ ಅಲ್ಲಿ ಕೂತು ನಮ್ಮ ವಿಷಯ ಮಾತಾಡ್ಕೋತಾರೆ — ಉಳಿಯಿಂದ ಗಾರೆ ಬಿಡಿಸಿ ಬೇರುಸಮೇತ ತೆಗೆದೆ, ಮೊದಲ ಪಾಠ, ತಾಯಿಬೇರು ಕತ್ತರಿಸಬೇಕು, ಆಗಲೇ ಪಕ್ಕದ ಬೇರುಗಳು ಹರಡುವುದು, ಕತ್ತರಿ ಇಟ್ಟಾಗ ಕಾತ್ಯಾಯಿನಿ ಕಣ್ಣು ಮುಚ್ಚಿಕೊಂಡಳು, ರೀ, ಅಶ್ವತ್ಥನಾರಾಯಣ ರೀ, ಮುಟ್ಟೋದೇ ಆದ್ರೆ ಶನಿವಾರ ಮುಟ್ಟಿ, ಬೇರೆ ದಿನ ಮುಟ್ಟಬಾರದು. ಸರಿ, ಶನಿವಾರವೇ. ತಾಮ್ರದ ತಂತಿ ಸುತ್ತಿ ಕಾಂಡ ಬಾಗಿಸಿದ್ದು ಶನಿವಾರ, ತೊಗಟೆಗೆ ಕಚ್ಚುವ ಮೊದಲು ಸಡಿಲಿಸಿದ್ದು ಶನಿವಾರ, ತುದಿ ಚಿವುಟಿದ್ದು ಶನಿವಾರ, ಪಾಪ, ನಿಮ್ಮ ಗಿಡಕ್ಕೆ ವಾರವಾರವೂ ಶನಿಕಾಟ ಅಂತ ನಗುತ್ತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಆತುರ ಬೇಡ, ಮೊದಲ ವರ್ಷಗಳಲ್ಲಿ ಅದು ನಿನ್ನ ಮಾತು ಕೇಳಲ್ಲ, ನೀನೇ ಅದರ ಮಾತು ಕೇಳಬೇಕು, ಮಣ್ಣಿಗೆ ಬೆರಳಿಟ್ಟು ನೋಡು, ಒಣಗಿದ್ರೆ ಮಾತ್ರ ನೀರು, ಹೊಸಬರೆಲ್ಲ ನೀರು ಹಾಕಿ ಹಾಕಿಯೇ ಕೊಲ್ತಾರೆ ಅಂದಿದ್ದ ವೆಂಕಟಾಚಲ. ನಾನು ಕಾದೆ, ಎರಡು ವರ್ಷ ದಿನಾ ಸಂಜೆ ಬೆರಳು ಊರಿದೆ, ಅಂಗೈಯಗಲದ ಎಲೆ ಎರಡು ಬೆರಳಗಲಕ್ಕೆ ಕುಗ್ಗುವುದನ್ನು ಕಂಡೆ, ಕಾಣದೆ ಹೋದದ್ದು ಇವಳು ಮೆಟ್ಟಿಲಲ್ಲಿ ಎರಡೆರಡು ಸಲ ನಿಂತು ಉಸಿರೆಳೆದುಕೊಳ್ಳುತ್ತಿದ್ದದ್ದು, ವಯಸ್ಸು ಅಂದುಕೊಂಡೆ, ಇದು ಮರದ ಹಾಗೆ ಕಾಣೋದು ಯಾವಾಗ ರೀ, ದಸರೆಯಲ್ಲಿ ಕೇಳಿದಳು, ಇನ್ನೂ ಮೂರು ವರ್ಷ ಕಣೇ, ನಿನಗೇನು ಅವಸರ, ಮೂರಾ ಅಂದಳು, ಅಷ್ಟೇ, ಹೂಬತ್ತಿ ಹೊಸೆಯುತ್ತ ಕೂತಳು. ಮಾಘದಲ್ಲಿ ಮಣ್ಣು ಯಾವಾಗಲೂ ಹಸಿ, ಇಬ್ಬನಿ ಇರಬೇಕು ಅಂದುಕೊಂಡೆ, ಎಲೆ ಹಳದಿಯಾಗಿ ಉದುರಿದವು, ಅರಳಿ ಎಲೆ ಉದುರಿಸುವ ಕಾಲವೇ ಅಂದುಕೊಂಡೆ, ಸ್ಟೂಲಿನ ಸುತ್ತ ಆರುತ್ತಿದ್ದ ತೇವ ಕಂಡು ಬಟ್ಟೆ ಒಣಹಾಕಿದ್ದಾಳೆ ಅಂದುಕೊಂಡೆ, ಎಷ್ಟೊಂದು ಅಂದುಕೊಂಡೆ. ಒಂದು ಬೆಳಗ್ಗೆ ಎಂದಿಗಿಂತ ಮೊದಲೇ ಹತ್ತಿ ಬಂದು ಮುಟ್ಟಿದರೆ ಬುಡ ಅಲುಗಿತು, ಎತ್ತಿದರೆ ಬೇರು ಕಪ್ಪಗೆ, ಕೊಳೆತ ವಾಸನೆ, ತಟ್ಟೆಯ ತೂತಿನಲ್ಲಿ ಕುಂಕುಮದ ಕೆಸರು, ಊದಿದ ಅಕ್ಷತೆ ಕಾಳು, ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ, ಸುತ್ತಲೂ ಒದ್ದೆ ಹೆಜ್ಜೆಗಳ ಬಳೆ, ಅದರಾಚೆ ಒದ್ದೆ ಸೀರೆಯಲ್ಲಿ ಸೂರ್ಯನಿಗೆ ಕೈಮುಗಿದು ನಿಂತವಳು ತಿರುಗಿದಳು, ಕಾಲ ಬಳಿ ಬರಿದಾದ ಚೊಂಬು. ಎರಡು ವರ್ಷದ ಕೆಲಸ ಮುಳುಗಿಸಿದೆಯಲ್ಲೇ, ನಿನ್ನ ಕೈಯಲ್ಲಿ ಯಾವುದು ಉಳಿದಿದೆ ಹೇಳು — ಆಡಿದ್ದು ನಾನೇ, ಈ ಬಾಯೇ, ತೊಟ್ಟಿಲುಗಳೆರಡೂ ಆ ಮಾತಿನೊಳಗೆ ಇದ್ದವು, ಇಬ್ಬರಿಗೂ ಗೊತ್ತಾಯಿತು. ಇವತ್ತಿಗೆ ನಲವತ್ತಾರು ದಿನ ರೀ, ಇನ್ನೆರಡು ದಿನ ಆದ್ರೆ — ಸಾಕು, ಬಾಯ್ಮುಚ್ಚು ಅಂದೆ, ಎಲೆಗೆ ಎರಡು ವರ್ಷ ಕಾದವನು ಅವಳ ಒಂದು ಮಾತು ಮುಗಿಯುವಷ್ಟು ಹೊತ್ತು ಕಾಯಲಿಲ್ಲ. ಗೋಡೆ ಹಿಡಿದು ಇಳಿದುಹೋದಳು. ಆಮೇಲೆ ಹದಿನೇಳು ದಿನ ಅಡಿಗೆ ಮಾಡಿದಳು, ಬಡಿಸಿದಳು, ಇನ್ನೊಂದು ಸ್ವಲ್ಪ ಸಾರು ಹಾಕಲಾ ಅಂದಳು, ತಾರಸಿ ಮಾತ್ರ ಹತ್ತಲಿಲ್ಲ, ತಪ್ಪಾಯ್ತು ಅಂತ ಶನಿವಾರ ಹೇಳೋಣ, ಬರೋ ಶನಿವಾರ ಹೇಳೋಣ, ಹದಿನೆಂಟನೆಯ ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಕೂತವಳು ಏಳಲಿಲ್ಲ.

ನಿನ್ನೆ, ಪುಟ್ಟೇನಹಳ್ಳಿಯಿಂದ ಬಂದು ಹಾಲು ಹಾಕುವ ಲಕ್ಷ್ಮಿದೇವಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದಳು, ಸ್ವಾಮೀ, ನಿಮ್ಗೆ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ರು, ದಸರಾಕ್ಕೆ ಮುಂಚೇನೇ ವಿಲ್ಸನ್ ಗಾರ್ಡನ್ ಡಾಕ್ಟ್ರ ತಾವ ನಾನೇ ಕರ್ಕೊಂಡೋಗಿದ್ದೆ, ಎದೆ ಸೋತೈತೆ, ವರ್ಸ ದಾಟಾದು ಕಷ್ಟ ಅಂದ್ರು, ಅಮ್ಮಾವ್ರು ನಕ್ಕಂಡೇ ಬಂದ್ರು, ಸಂಕ್ರಾಂತಿ ಆದ್ಮೇಲೆ ಹೇಳಿದ್ರು, ಅವರ ಗಿಡ ಮರ ಆಗಕ್ಕೆ ಮೂರು ವರ್ಷ ಬೇಕಂತೆ ಲಕ್ಷ್ಮೀ, ಅಷ್ಟು ದಿನ ನನ್ಹತ್ರ ಎಲ್ಲಿದೆ, ಬೇಗ ಬಲೀಲಿ ಅಂತ ನಲವತ್ತೆಂಟು ದಿನ ಸುತ್ತು ಹಾಕ್ತೀನಿ, ಒಂದ್ಸಲ ನೋಡ್ಕೊಂಡು ಹೋಗ್ತೀನಿ ಅಂತ. ಇನ್ನೆರಡು ದಿನ ಅಂದಳಲ್ಲ, ಆ ಎರಡು ದಿನ ಎಲ್ಲಿ ಹೋದವು, ಚೊಂಬು ತುಂಬಿಸಿಕೊಂಡು ಬಂದಿದ್ದೇನೆ, ಸತ್ತ ಗಿಡಕ್ಕೆ ನೀರು ಹೆಚ್ಚಾಗುವ ಭಯವಿಲ್ಲ, ಒಂದು ಸುತ್ತು, ನಾರಾಯಣಾ, ಎರಡು ಸುತ್ತು, ನಾರಾಯಣಾ, ನನ್ನ ಅಗಲ ಹೆಜ್ಜೆ ಬಿದ್ದ ಕಡೆಯೆಲ್ಲ ಅವಳದು ಕಾಣುತ್ತದೆ, ಸಣ್ಣದು, ಎರಡನೆಯ ಬೆರಳ ಬುಡದಲ್ಲಿ ಕಾಲುಂಗುರದ ಗೀರು, ನಾನು ಬೈಯುತ್ತಿದ್ದಷ್ಟು ಹೊತ್ತೂ ತಲೆ ತಗ್ಗಿಸಿ ಆ ಹೆಜ್ಜೆ ಆರುವುದನ್ನೇ ನೋಡುತ್ತಿದ್ದಳು, ಬೆರಳು ಆರಿತು, ಅಂಚು ಆರಿತು, ಹಿಮ್ಮಡಿ ಇನ್ನೂ ಒದ್ದೆ, ಹಿಮ್ಮಡಿ ಇನ್ನೂ —